ಟ್ರಿಪ್ ಆಗದ ಫೀಡರ್: ಹೊಸದುರ್ಗ ತಾಲ್ಲೂಕಿನ ಒಂದು ರಿಲೇ ಪ್ರಕರಣ

ಹೊಸದುರ್ಗ ತಾಲ್ಲೂಕಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದಕ್ಕೆ ಕಾರಣವಿದೆ. ಆಷಾಢದಲ್ಲಿ ಅಲ್ಲಿ ಬೀಸುವ ಗಾಳಿ ಅಂಥದ್ದು. ಹಾಗೆ ಗಾಳಿ ಎದ್ದಿದ್ದ ಒಂದು ಬೆಳಿಗ್ಗೆ, ತೆಂಗಿನ ತೋಟವೊಂದರ ಅಂಚಿನಲ್ಲಿ 11 ಕೆ.ವಿ. ಲೈನ್‌ನ ಒಂದು ತಂತಿ ತುಂಡಾಗಿ ಕೆಳಗೆ ಬಿತ್ತು. ಬಿದ್ದದ್ದು ಗರಸು ನೆಲದ ಮೇಲೆ. ಮಳೆ ಬಿದ್ದಿರದ ಕಾರಣ ಆ ನೆಲ ಒಣಗಿ ಕಲ್ಲಿನಂತಾಗಿತ್ತು. ಫೀಡರ್, ಅಂದರೆ ಉಪಕೇಂದ್ರದಿಂದ ಹೊರಡುವ ಆ ಲೈನ್, ಟ್ರಿಪ್ ಆಗಲಿಲ್ಲ; ತಾನಾಗಿ ಕಡಿಯಬೇಕಿದ್ದ ವಿದ್ಯುತ್ ಕಡಿಯಲಿಲ್ಲ. ಆ ದಾರಿಯಲ್ಲಿ ಬಂದ ಮಂದೆಯ ಎರಡು ಕುರಿಗಳು ಸತ್ತವು. ಮುಂದಿದ್ದ ಕುರಿ ಉರುಳಿದ್ದನ್ನು ಕಂಡು ಕುರಿಗಾಹಿ ಉಳಿದವನ್ನು ಹಿಂದಕ್ಕೆ ಹೊಡೆದ. ತೋಟದವರು ಪವರ್‌ಮ್ಯಾನ್‌ಗೆ ಫೋನ್ ಮಾಡಿ, ಅವರು ಉಪಕೇಂದ್ರಕ್ಕೆ ತಿಳಿಸಿ, ಆಪರೇಟರ್ ಕೈಯಾರೆ ಬ್ರೇಕರ್ (ಲೈನ್‌ನ ವಿದ್ಯುತ್ ಕಡಿಯುವ ಸ್ವಿಚ್) ತೆರೆಯುವವರೆಗೆ ಆ ತಂತಿಯಲ್ಲಿ ವಿದ್ಯುತ್ ಇದ್ದೇ ಇತ್ತು.

ಆ ಫೀಡರ್‌ನಲ್ಲಿದ್ದದ್ದು ಹಳೆಯ ತಟ್ಟೆ ತಿರುಗುವ ರಿಲೇ (ಕರೆಂಟ್ ಅಳೆದು, ತಪ್ಪು ಕಂಡರೆ ಬ್ರೇಕರ್‌ಗೆ ತೆರೆಯಲು ಹೇಳುವ ಉಪಕರಣ) ಅಲ್ಲ. ಅದನ್ನು ತೆಗೆದು ಹೊಸ ನ್ಯೂಮರಿಕಲ್ (ಕಂಪ್ಯೂಟರ್ ಚಿಪ್‌ನಿಂದ ನಡೆಯುವ) ರಿಲೇ ಕೂರಿಸಿ ಹೆಚ್ಚು ಕಾಲವಾಗಿರಲಿಲ್ಲ. ಓವರ್‌ಕರೆಂಟ್, ಅರ್ಥ್ ಫಾಲ್ಟ್ ಎರಡೂ ಚಾಲೂ ಇದ್ದವು; ಮೊದಲನೆಯದು ಮಿತಿ ಮೀರಿದ ಕರೆಂಟ್ ಹಿಡಿಯುವ ರಕ್ಷಣೆ, ಎರಡನೆಯದು ನೆಲಕ್ಕೆ ಹರಿಯುವ ಕರೆಂಟ್ ಹಿಡಿಯುವಂಥದ್ದು. ಆರೋಗ್ಯ ಸೂಚಿಸುವ ಹಸಿರು ದೀಪ ಉರಿಯುತ್ತಿತ್ತು. ಹಾಗಿದ್ದೂ ಏಕೆ ಟ್ರಿಪ್ ಆಗಲಿಲ್ಲ ಎಂಬುದನ್ನು ಪರಿಶೀಲಿಸುವ ಕೆಲಸ ರಿಲೇ ಪರೀಕ್ಷೆ ಮಾಡುವ ನಮ್ಮ ತಂಡಕ್ಕೆ ಬಂತು. ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಲು ಕಾರಣವಿದೆ: ಇಲ್ಲಿ ಯಾವ ಉಪಕರಣವೂ ಕೆಟ್ಟಿರಲಿಲ್ಲ.

ರಿಲೇ ಕಂಡದ್ದು ಅರ್ಧ

ನ್ಯೂಮರಿಕಲ್ ರಿಲೇಯಲ್ಲಿ ಮೊದಲು ನೋಡಬೇಕಾದದ್ದು ಅದರ ಘಟನಾ ದಾಖಲೆ. ಟ್ರಿಪ್ ಆಗದಿದ್ದರೂ ಕರೆಂಟ್ ಮಿತಿ ದಾಟಿದ ಕ್ಷಣದಲ್ಲಿ 'ಪಿಕಪ್' ಎಂದು ಸಮಯಸಹಿತ ಬರೆದಿಟ್ಟಿರುತ್ತದೆ. ಆ ಬೆಳಗಿನ ದಾಖಲೆ ಖಾಲಿಯಾಗಿತ್ತು. ಅಂದರೆ ರಿಲೇ ನಿಧಾನಿಸಿದ್ದಲ್ಲ, ಬ್ರೇಕರ್ ಸಿಕ್ಕಿಕೊಂಡದ್ದೂ ಅಲ್ಲ. ತಪ್ಪು ನಡೆಯುತ್ತಿದೆ ಎಂಬುದೇ ರಿಲೇಗೆ ಗೊತ್ತಾಗಿರಲಿಲ್ಲ.

ಮೂರು ಫೇಸ್ ಸರಬರಾಜು ಇದ್ದ ಹೊತ್ತಿನಲ್ಲಿ ರಿಲೇಯ ಪರದೆ 54 ಆಂಪಿಯರ್ ತೋರಿಸುತ್ತಿತ್ತು. ಅದೇ ಪ್ಯಾನಲ್‌ನ ಎನರ್ಜಿ ಮೀಟರ್‌ನಲ್ಲಿ 108. ಆಪರೇಟರ್ ಗಂಟೆಗೊಮ್ಮೆ ಲಾಗ್ ಶೀಟ್‌ಗೆ ಬರೆದುಕೊಳ್ಳುತ್ತಿದ್ದದ್ದು ಮೀಟರ್‌ನ ಅಂಕಿ. ರಿಲೇಯ ಅಂಕಿಯನ್ನು ಯಾರೂ ಅದರ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ರಿಲೇಗೆ ಹೋಗುವ ತಂತಿಗೆ ಟಾಂಗ್ ಟೆಸ್ಟರ್ (ತಂತಿಯನ್ನು ಬಳಸಿ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿದಾಗ ಸಿಕ್ಕಿದ್ದು 0.27 ಆಂಪಿಯರ್. ಲೈನ್‌ನ ದೊಡ್ಡ ಕರೆಂಟನ್ನು ರಿಲೇಗಾಗಿ ಚಿಕ್ಕದು ಮಾಡುವುದು ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್). ರಿಲೇಗೆ ಹೇಳಿಟ್ಟಿದ್ದ ಅದರ ಅನುಪಾತ 200/1, ಅಂದರೆ ಲೈನ್‌ನ 200 ಆಂಪಿಯರ್ ರಿಲೇಗೆ 1. ಆ ಲೆಕ್ಕದಲ್ಲಿ 0.27 ಅಂದರೆ 54. ಲೈನ್‌ನಲ್ಲಿ ನಿಜವಾಗಿ 108 ಹರಿಯುತ್ತಿದ್ದರೆ ಸಿ.ಟಿ.ಯ ಅನುಪಾತ 400/1 ಆಗಿರಲೇಬೇಕು.

ಲೈನ್ ಕ್ಲಿಯರ್ (ಲೈನ್ ಆಫ್ ಮಾಡಿ ಕೆಲಸ ಮಾಡಲು ಅನುಮತಿ) ಪಡೆದು, ಅರ್ಥ್ ರಾಡ್ ಹಾಕಿ, ಯಾರ್ಡ್‌ನ ಸಿ.ಟಿ. ಪೆಟ್ಟಿಗೆ ತೆರೆದೆವು. ಅದು 400-200/1 ರ ಎರಡು ಅನುಪಾತದ ಸಿ.ಟಿ. ರಕ್ಷಣೆಯ ಕೋರ್‌ನಲ್ಲಿ (ರಿಲೇಗೆ ಕರೆಂಟ್ ಕೊಡುವ ಭಾಗ) 2ಎಸ್1, 2ಎಸ್2, 2ಎಸ್3 ಎಂದು ಮೂರು ಟರ್ಮಿನಲ್‌ಗಳು. ಒಂದರಿಂದ ಎರಡಕ್ಕೆ 200, ಒಂದರಿಂದ ಮೂರಕ್ಕೆ 400. ಮೂರೂ ಫೇಸ್‌ಗಳ ತಂತಿಗಳು 2ಎಸ್3 ರಲ್ಲಿದ್ದವು. 2ಎಸ್2 ರ ಸ್ಕ್ರೂಗಳ ತಲೆಯ ಮೇಲೆ ಹಿಂದೆ ತಂತಿ ಕೂತಿದ್ದ ಗುರುತು ಸ್ಪಷ್ಟವಾಗಿತ್ತು. ಯಾರೋ ಸ್ಥಳ ಬದಲಿಸಿದ್ದರು, ರಿಲೇಗೆ ಹೇಳಿರಲಿಲ್ಲ.

ಪರಿಣಾಮ ಸರಳ, ಭೀಕರ. ಓವರ್‌ಕರೆಂಟ್ ಪಿಕಪ್, ಅಂದರೆ ರಿಲೇ ಎಚ್ಚೆತ್ತುಕೊಳ್ಳುವ ಮಿತಿ, 200 ಆಂಪಿಯರ್ ಎಂದು ಸೆಟ್ ಆಗಿದ್ದರೂ ನಿಜದಲ್ಲಿ ಅದು 400. ಅರ್ಥ್ ಫಾಲ್ಟ್ 40 ಎಂದಿದ್ದದ್ದು ನಿಜದಲ್ಲಿ 80.

ಏಕೆ ಬದಲಿಸಿದರು

ಹಳೆಯ ಲಾಗ್ ಶೀಟ್‌ಗಳನ್ನು ತಿರುವಿದಾಗ ಕಥೆ ತೆರೆದುಕೊಂಡಿತು. ಹೊಸ ರಿಲೇ ಬಂದ ಮೇಲೆ ಕೆಲವು ತಿಂಗಳು, ಮೂರು ಫೇಸ್ ಕೊಟ್ಟ ಕೂಡಲೇ ಫೀಡರ್ ಟ್ರಿಪ್ ಆಗುತ್ತಿತ್ತು. ಒಮ್ಮೆ ಕೊಟ್ಟರೆ ನಿಲ್ಲದು. ಎರಡು ಮೂರು ಬಾರಿ ಚಾರ್ಜ್ ಮಾಡಿದ (ಲೈನ್‌ಗೆ ವಿದ್ಯುತ್ ಕೊಟ್ಟ) ಮೇಲೆ ನಿಲ್ಲುತ್ತಿತ್ತು. ರೈತರ ಫೋನ್‌ಗಳು, ಮೇಲಿನವರ ಫೋನ್‌ಗಳು. ಒಂದು ದಿನದಿಂದ ಟ್ರಿಪ್ ಕಾಲಂ ದಿಢೀರನೆ ಖಾಲಿಯಾಯಿತು. ಆ ದಿನದಿಂದ ಎಲ್ಲರೂ ನೆಮ್ಮದಿಯಾಗಿದ್ದರು. ನಾವು ತಂತಿಯನ್ನು ಹಿಂದಿನ ಸ್ಥಳಕ್ಕೆ ತರಬೇಕು ಎಂದಾಗ ಆಪರೇಟರ್ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಸರ್, ಈಗ ಟ್ರಿಪ್ ನಿಂತಿದೆ. ಮತ್ತೆ ಹಳೆಯದನ್ನೇ ಮಾಡಿದರೆ ಬೆಳಿಗ್ಗೆ ಜನರಿಗೆ ಏನು ಹೇಳಲಿ?"

ಅವರಿಗೆ ಉತ್ತರ ಕೊಡಬೇಕಾದರೆ ಮೊದಲ ಟ್ರಿಪ್‌ಗಳ ಕಾರಣ ತಿಳಿಯಬೇಕಿತ್ತು. ಆ ಲೈನ್ ಕೊಳವೆಬಾವಿಗಳ ಲೈನ್. ಅಡಿಕೆ, ತೆಂಗು, ಅಲ್ಲಲ್ಲಿ ದಾಳಿಂಬೆ. ಹೆಚ್ಚಿನ ಪಂಪ್‌ಸೆಟ್‌ಗಳು 7.5 ಎಚ್.ಪಿ.ಯವು, ಬಹುತೇಕ ಎಲ್ಲಕ್ಕೂ ಆಟೋ ಸ್ಟಾರ್ಟರ್. ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ಸಿಗುವುದು ದಿನಕ್ಕೆ ಗೊತ್ತಾದ ಕೆಲವೇ ಗಂಟೆ; ಕೊಟ್ಟ ಕೂಡಲೇ ಎಲ್ಲ ಮೋಟರ್‌ಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಏಳುವಾಗ ಮೋಟರ್ ಎಳೆಯುವುದು ಓಡುವಾಗಿನ ಕರೆಂಟಿನ ಐದಾರು ಪಟ್ಟು. ಅದರ ಜೊತೆಗೆ ಲೈನ್‌ನ ಮೇಲಿರುವ ಎಲ್ಲ ಟಿ.ಸಿ.ಗಳೂ (ಹಳ್ಳಿಯ ಟ್ರಾನ್ಸ್‌ಫಾರ್ಮರ್‌ಗಳು) ಒಂದೇ ಕ್ಷಣದಲ್ಲಿ ಚಾರ್ಜ್ ಆಗುವುದರಿಂದ ಕಾಂತೀಕರಣದ ಕರೆಂಟ್ ಬೇರೆ ನುಗ್ಗುತ್ತದೆ. ಎರಡು ಮೂರು ಬಾರಿ ಕೊಟ್ಟ ಮೇಲೆ ನಿಲ್ಲುತ್ತಿದ್ದದ್ದು ಏಕೆಂದರೆ, ಪ್ರತಿ ಸಲವೂ ಕೆಲವು ಸ್ಟಾರ್ಟರ್‌ಗಳು ಏಳದೆ ಹಿಂದುಳಿದು ಹೊರೆ ಕಡಿಮೆಯಾಗುತ್ತಿತ್ತು.

ಮುಂದೆ ತಂತಿಯನ್ನು ಸರಿಪಡಿಸಿ, ರಿಲೇಯ ತರಂಗ ದಾಖಲೆ ಚಾಲೂ ಮಾಡಿ ಅಳೆದಾಗ ಸಿಕ್ಕಿದ್ದು ಇದು: ಕೊಟ್ಟ ಕ್ಷಣದಲ್ಲಿ ಸುಮಾರು 640 ಆಂಪಿಯರ್, ನಂತರ ಎರಡು ಸೆಕೆಂಡ್‌ನಷ್ಟು ಕಾಲ 410 ರ ಆಸುಪಾಸು, ಎಂಟು ಸೆಕೆಂಡ್ ಹೊತ್ತಿಗೆ 180, ಆಮೇಲೆ 110. ಹಳೆಯ ಸೆಟ್ಟಿಂಗ್‌ನಲ್ಲಿ ತಕ್ಷಣ ಕೆಲಸ ಮಾಡುವ ಹೈಸೆಟ್ 600 ಕ್ಕಿತ್ತು. ಮೊದಲ ನೂಕಿಗೇ ಅದು ಬೀಳುತ್ತಿತ್ತು, ಅಂದರೆ ಟ್ರಿಪ್ ಮಾಡುತ್ತಿತ್ತು. ಅದನ್ನು ದಾಟಿದರೂ, ಪಿಕಪ್ 200 ಮತ್ತು ಟೈಮ್ ಮಲ್ಟಿಪ್ಲೈಯರ್ (ಎಷ್ಟು ಬೇಗ ಟ್ರಿಪ್ ಎಂಬುದನ್ನು ಹೊಂದಿಸುವ ಅಂಕಿ) 0.1 ಇದ್ದ ಓವರ್‌ಕರೆಂಟ್ 410 ಆಂಪಿಯರ್‌ಗೆ ಒಂದು ಸೆಕೆಂಡ್‌ಗೂ ಮುಂಚೆ ಬೀಳುತ್ತಿತ್ತು. ಪಕ್ಕದ ಊರಿನ ದೀಪದ ಫೀಡರ್‌ನ ಸೆಟ್ಟಿಂಗ್ ಹಾಳೆಯನ್ನು ಹಾಗೆಯೇ ಇದಕ್ಕೂ ಹಾಕಿದ್ದರು. ದೀಪದ ಫೀಡರ್‌ಗೆ ಅದು ತಪ್ಪಲ್ಲ. ನೂರಾರು ಮೋಟರ್ ಒಟ್ಟಿಗೆ ಏಳುವ ಫೀಡರ್‌ಗೆ ಅದು ಹೊಂದುವುದಿಲ್ಲ.

ಸೆಟ್ಟಿಂಗ್ ಎಲ್ಲಿಂದ ಹುಟ್ಟಬೇಕು

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಫೀಡರ್‌ನ ಪಿಕಪ್ ಅನ್ನು ಹೊರೆಯ ಕಡೆಯಿಂದ ಮಾತ್ರ ನೋಡಿ ಏರಿಸುವುದು ಅಪಾಯ. ಲೈನ್‌ನ ತುದಿಯಿಂದ ನೋಡಬೇಕು. ತುದಿಯಲ್ಲಿ ಎರಡು ತಂತಿ ಕೂಡಿಕೊಂಡರೆ ಉಪಕೇಂದ್ರಕ್ಕೆ ಎಷ್ಟು ಕರೆಂಟ್ ಕಾಣುತ್ತದೆ? ಪಿಕಪ್ ಅದಕ್ಕಿಂತ ಸಾಕಷ್ಟು ಕೆಳಗಿರಬೇಕು.

ಉಪಕೇಂದ್ರದಲ್ಲಿ 5 ಎಂ.ವಿ.ಎ. 33/11 ಕೆ.ವಿ. ಟ್ರಾನ್ಸ್‌ಫಾರ್ಮರ್, 11 ಕೆ.ವಿ. ಕಡೆ ಪೂರ್ಣ ಹೊರೆ 262 ಆಂಪಿಯರ್. 33 ಕೆ.ವಿ. ಮೂಲದ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ರೋಧ) ಸೇರಿಸಿದರೆ, ಫೀಡರ್‌ಗಳು ಹೊರಡುವ ಬಸ್‌ಬಾರ್ ಬಳಿಯ ಫಾಲ್ಟ್ ಕರೆಂಟ್ (ತಂತಿಗಳು ಕೂಡಿಕೊಂಡಾಗ ಹರಿಯುವುದು) ಸುಮಾರು 3000 ಆಂಪಿಯರ್. ಆದರೆ ಲೈನ್ ಉದ್ದವಾದಂತೆ ಇದು ಎಷ್ಟು ಬೇಗ ಸೊರಗುತ್ತದೆ ಎಂಬುದು ಹಲವರಿಗೆ ಹೊಳೆದಿರುವುದಿಲ್ಲ. ರ್‍ಯಾಬಿಟ್ ತಂತಿಯ ರೋಧ ಕಿಲೋಮೀಟರಿಗೆ 0.54 ಓಮ್, ಅದಕ್ಕಿಂತ ತೆಳುವಾದ ವೀಸೆಲ್ ತಂತಿಯದು 0.9 ಕ್ಕೂ ಹೆಚ್ಚು; ಎರಡೂ ಲೈನ್ ತಂತಿಯ ಗಾತ್ರಗಳ ಹೆಸರು. ಈ ಫೀಡರ್‌ನ ಅತಿ ದೂರದ ಕವಲಿಗೆ 12 ಕಿ.ಮೀ. ರ್‍ಯಾಬಿಟ್, ಆಮೇಲೆ 8 ಕಿ.ಮೀ. ವೀಸೆಲ್. ಅಲ್ಲಿ ಮೂರು ಫೇಸ್ ಫಾಲ್ಟ್‌ಗೆ 380 ಆಂಪಿಯರ್, ಎರಡು ಫೇಸ್ ಫಾಲ್ಟ್‌ಗೆ 330 ಮಾತ್ರ. ನಿಜವಾದ ಪಿಕಪ್ 400 ಆಗಿದ್ದಷ್ಟು ಕಾಲ, ಆ ತುದಿಯಲ್ಲಿ ಎರಡು ತಂತಿ ಕೂಡಿಕೊಂಡು ಕಿಡಿ ಹಾರುತ್ತಿದ್ದರೂ ರಿಲೇ ಅದನ್ನು ಹೊರೆ ಎಂದೇ ಎಣಿಸುತ್ತಿತ್ತು. ಕುರಿ ಸತ್ತ ದಿನಕ್ಕೆ ಮೊದಲು ಇಷ್ಟು ತಿಂಗಳು ದೊಡ್ಡ ಅನಾಹುತ ಆಗದೇ ಉಳಿದದ್ದು ಅದೃಷ್ಟ.

ಹೊಸ ಸೆಟ್ಟಿಂಗ್: ಸಿ.ಟಿ. ಮರಳಿ 200/1, ಪಿಕಪ್ 160 ಆಂಪಿಯರ್, ಸ್ಟ್ಯಾಂಡರ್ಡ್ ಇನ್ವರ್ಸ್ ವಕ್ರರೇಖೆ (ಕರೆಂಟ್ ಹೆಚ್ಚಿದಷ್ಟೂ ಬೇಗ ಟ್ರಿಪ್), ಟೈಮ್ ಮಲ್ಟಿಪ್ಲೈಯರ್ 0.1. ತುದಿಯ 330 ಆಂಪಿಯರ್ ಫಾಲ್ಟ್‌ಗೆ ಇದು ಸುಮಾರು 0.96 ಸೆಕೆಂಡ್‌ನಲ್ಲಿ, ಬಸ್‌ಬಾರ್ ಬಳಿಯ 3000 ಆಂಪಿಯರ್‌ಗೆ 0.23 ಸೆಕೆಂಡ್‌ನಲ್ಲಿ ಕೆಲಸ ಮಾಡುತ್ತದೆ. ಟ್ರಾನ್ಸ್‌ಫಾರ್ಮರ್‌ನ ಇನ್‌ಕಮರ್ ರಿಲೇ (ಎಲ್ಲ ಫೀಡರ್‌ಗಳಿಗೂ ಮೇಲಿನದು) 300 ಆಂಪಿಯರ್ ಪಿಕಪ್, 0.2 ಮಲ್ಟಿಪ್ಲೈಯರ್‌ನಲ್ಲಿದೆ, ಅದೇ 3000 ಕ್ಕೆ 0.59 ಸೆಕೆಂಡ್. ನಡುವಿನ ಅಂತರ 0.36. ನ್ಯೂಮರಿಕಲ್ ರಿಲೇಗಳ ನಡುವೆ 0.3 ಸೆಕೆಂಡ್ ಇದ್ದರೆ ಸಾಮಾನ್ಯವಾಗಿ ಸಾಕು, ಆದ್ದರಿಂದ ಒಂದು ಫೀಡರ್‌ನ ತಪ್ಪಿಗೆ ಇಡೀ ಉಪಕೇಂದ್ರ ಕತ್ತಲಾಗುವುದಿಲ್ಲ.

ಇನ್ನು ಬೆಳಗಿನ ನೂಕು. ಹೈಸೆಟ್ ಅನ್ನು 1000 ಆಂಪಿಯರ್‌ಗೆ ಏರಿಸಿ 50 ಮಿಲಿಸೆಕೆಂಡ್ ತಡೆ (ವಿಳಂಬ) ಕೊಟ್ಟೆವು. ಉಪಕೇಂದ್ರದಿಂದ ಸುಮಾರು ಏಳೂವರೆ ಕಿ.ಮೀ. ವರೆಗಿನ ಮೂರು ಫೇಸ್ ಫಾಲ್ಟ್‌ಗಳು ಅದರ ವ್ಯಾಪ್ತಿಗೆ ಬರುತ್ತವೆ. ಟಿ.ಸಿ.ಗಳ ಕಾಂತೀಕರಣದ ಕರೆಂಟಿನಲ್ಲಿ ಎರಡನೇ ಹಾರ್ಮೋನಿಕ್, ಅಂದರೆ 100 ಹರ್ಟ್ಸ್ ಅಂಶ, ಹೇರಳವಾಗಿರುತ್ತದೆ; ನಿಜವಾದ ಫಾಲ್ಟ್‌ನಲ್ಲಿ ಅಷ್ಟು ಇರುವುದಿಲ್ಲ. ಆ ಅಂಶ 15 ಶೇಕಡಾ ದಾಟಿದರೆ ಹೈಸೆಟ್ ತಡೆಹಿಡಿಯುವಂತೆ ಮಾಡಿದೆವು. ಮೋಟರ್ ಏಳುವ ಕರೆಂಟಿನಲ್ಲಿ ಈ ಗುರುತು ಇಲ್ಲ, ಅದಕ್ಕೆ ಬೇರೆ ಉಪಾಯ ಬೇಕು. ರಿಲೇಯಲ್ಲಿ 'ಕೋಲ್ಡ್ ಲೋಡ್' ಎಂಬ ತರ್ಕ ಇರುತ್ತದೆ: ಬ್ರೇಕರ್ ಹತ್ತು ನಿಮಿಷಕ್ಕಿಂತ ಹೆಚ್ಚು ತೆರೆದಿದ್ದು ಮತ್ತೆ ಮುಚ್ಚಿದರೆ, ಮೊದಲ 10 ಸೆಕೆಂಡ್ ಮಾತ್ರ ಓವರ್‌ಕರೆಂಟ್ ಪಿಕಪ್ 360 ಕ್ಕೆ ಏರಿ, ಆಮೇಲೆ ತಾನಾಗಿ 160 ಕ್ಕೆ ಇಳಿಯುತ್ತದೆ. ಆ 10 ಸೆಕೆಂಡ್‌ನಲ್ಲೂ ಅರ್ಥ್ ಫಾಲ್ಟ್ ರಕ್ಷಣೆಯನ್ನು ಒಂದಿಷ್ಟೂ ಸಡಿಲಿಸಿಲ್ಲ. ತಂತಿ ಬಿದ್ದಿರುವ ಲೈನ್ ಅನ್ನು ಗೊತ್ತಿಲ್ಲದೆ ಚಾರ್ಜ್ ಮಾಡುವುದು ಹೆಚ್ಚಾಗಿ ಇದೇ ಹೊತ್ತಿನಲ್ಲಿ.

ರಿಲೇಯ ಹೊರಗೆ ಮಾಡಿದ ಒಂದು ಕೆಲಸ ಇವೆಲ್ಲಕ್ಕಿಂತ ಅಗ್ಗದ್ದು. ಆಟೋ ಸ್ಟಾರ್ಟರ್‌ಗಳಲ್ಲಿ ತಡವಾಗಿ ಏಳಿಸುವ ಟೈಮರ್ ಇರುತ್ತದೆ. ಹೆಚ್ಚಿನವು ಅಂಗಡಿಯಿಂದ ಬಂದ ಸ್ಥಿತಿಯಲ್ಲೇ ಇದ್ದವು. ಪವರ್‌ಮ್ಯಾನ್ ಒಂದೊಂದು ಟಿ.ಸಿ.ಯ ರೈತರನ್ನು ಸೇರಿಸಿ, ಒಬ್ಬರದು 10 ಸೆಕೆಂಡ್, ಇನ್ನೊಬ್ಬರದು 30, ಮತ್ತೊಬ್ಬರದು ಒಂದು ನಿಮಿಷ ಎಂದು ಹಂಚಿದರು. ಮೊದಲು ನೀರು ಯಾರಿಗೆ ಎಂಬ ವಾದ ಎದ್ದಿತು. "ಒಂದು ನಿಮಿಷ ತಡವಾದರೆ ಬಾವಿಯ ನೀರೇನು ಓಡಿಹೋಗುವುದಿಲ್ಲ, ಮೋಟರ್ ಸುಟ್ಟರೆ ಎತ್ತುವ ಖರ್ಚು ನಿಮ್ಮದೇ ಯಜಮಾನರೇ" ಎಂದು ಅವರು ಹೇಳಿದ್ದು ಕೆಲಸ ಮಾಡಿತು. ವೋಲ್ಟೇಜ್ ಕುಸಿದ ಸ್ಥಿತಿಯಲ್ಲಿ ಏಳಲು ಒದ್ದಾಡುವ ಮೋಟರ್ ಸುಡುವುದನ್ನು ಅಲ್ಲಿನ ಪ್ರತಿಯೊಬ್ಬ ತೋಟಗಾರನೂ ಕಂಡಿದ್ದಾನೆ.

ಒಣ ನೆಲದ ಅರ್ಥ್ ಫಾಲ್ಟ್

ಇಡೀ ಪ್ರಕರಣದ ತಿರುಳು ಇರುವುದು ಇಲ್ಲಿ. ಸಿ.ಟಿ. ತಂತಿ ಸರಿಯಾದ ಸ್ಥಳದಲ್ಲೇ ಇದ್ದಿದ್ದರೂ, ಹಳೆಯ 40 ಆಂಪಿಯರ್ ಅರ್ಥ್ ಫಾಲ್ಟ್ ಸೆಟ್ಟಿಂಗ್ ಆ ಬೆಳಿಗ್ಗೆ ಕೆಲಸ ಮಾಡುತ್ತಿತ್ತು ಎಂದು ನಾನು ಹೇಳಲಾರೆ. 11 ಕೆ.ವಿ. ತಂತಿ ಹಸಿ ಹುಲ್ಲಿನ ಮೇಲೆ ಬಿದ್ದರೆ ಹತ್ತಾರು ಆಂಪಿಯರ್ ಹರಿಯಬಹುದು. ಒಣ ಮರಳು, ಒಣ ಗರಸು, ಬಂಡೆಯ ಮೇಲೆ ಬಿದ್ದರೆ ಕೆಲವೇ ಆಂಪಿಯರ್, ಕೆಲವೊಮ್ಮೆ ಸೊನ್ನೆಯ ಹತ್ತಿರ. ಚಿತ್ರದುರ್ಗದಂಥ ಒಣ ಸೀಮೆಯಲ್ಲಿ ನೆಲವೇ ರಿಲೇಗೆ ಎದುರಾಳಿ.

ಹಾಗಾದರೆ ಎಷ್ಟು ಕೆಳಗೆ ಇಳಿಸಬಹುದು? ನಮ್ಮ ಹಳ್ಳಿಯ ಟಿ.ಸಿ.ಗಳು 11 ಕೆ.ವಿ. ಕಡೆ ಡೆಲ್ಟಾ (ಸುತ್ತುಗಳು ತ್ರಿಕೋನವಾಗಿ ಜೋಡಣೆ), ನ್ಯೂಟ್ರಲ್ ಇಲ್ಲ. ಆದ್ದರಿಂದ ಊರಿನಲ್ಲಿ ಹೊರೆ ಒಂದೇ ಫೇಸ್ ಮೇಲೆ ಬಿದ್ದಿದ್ದರೂ ಮೂರು ತಂತಿಗಳ ಮೊತ್ತ ಸೊನ್ನೆಯೇ ಆಗುತ್ತದೆ. ಆ ಅಸಮತೋಲನ ಅರ್ಥ್ ಫಾಲ್ಟ್‌ನಂತೆ ಕಾಣುವುದಿಲ್ಲ. ಇದು ದೊಡ್ಡ ಅನುಕೂಲ, ಅದನ್ನು ಬಳಸಿಕೊಳ್ಳದೆ 40, 80 ಎಂದು ಇಟ್ಟುಕೊಳ್ಳುವುದು ನಷ್ಟ. ಮಿತಿ ಬರುವುದು ಸಿ.ಟಿ.ಗಳಿಂದ: ಮೂರು ಸಿ.ಟಿ.ಗಳು ಒಂದಕ್ಕೊಂದು ತದ್ರೂಪ ಇರುವುದಿಲ್ಲ, ಬೆಳಗಿನ ನೂಕಿನಲ್ಲಿ ಅವುಗಳ ತಪ್ಪುಗಳು ಸೇರಿ ಇಲ್ಲದ ಅರ್ಥ್ ಕರೆಂಟ್ ಹುಟ್ಟುತ್ತದೆ. ಹೀಗಾಗಿ ಮೂರು ಸಿ.ಟಿ.ಗಳ ಮೊತ್ತದಿಂದ ನಡೆಯುವ ಅರ್ಥ್ ಫಾಲ್ಟ್ ಅನ್ನು 20 ಆಂಪಿಯರ್‌ಗೆ, ಅರ್ಧ ಸೆಕೆಂಡ್ ತಡೆಯೊಂದಿಗೆ ಇಟ್ಟೆವು.

ಅದಕ್ಕಿಂತ ಸೂಕ್ಷ್ಮವಾದದ್ದಕ್ಕೆ ಕೋರ್ ಬ್ಯಾಲೆನ್ಸ್ ಸಿ.ಟಿ. ಬೇಕು. ಬ್ರೇಕರ್‌ನಿಂದ ಮೊದಲ ಕಂಬದವರೆಗೆ ಮೂರು ಕೋರ್‌ನ ಯು.ಜಿ. (ನೆಲದಡಿಯ) ಕೇಬಲ್ ಇದ್ದದ್ದರಿಂದ ಒಂದೇ ಉಂಗುರದೊಳಗೆ ಮೂರು ಫೇಸ್‌ಗಳೂ ಹಾಯುವಂತೆ ಅದನ್ನು ಕೂರಿಸಲು ಸಾಧ್ಯವಾಯಿತು. ಇಲ್ಲಿ ಎಡವುವವರು ಬಹಳ. ಕೇಬಲ್‌ನ ಕವಚ ಉಂಗುರದೊಳಗೆ ಹಾದುಹೋಗಿದ್ದರೆ, ಅದರ ಅರ್ಥ್ ತಂತಿಯನ್ನು ಅದೇ ಉಂಗುರದೊಳಗೆ ಹಿಂದಕ್ಕೆ ತಂದು ಆಮೇಲೆ ಅರ್ಥ್ ಮಾಡಬೇಕು. ಇಲ್ಲದಿದ್ದರೆ ಕವಚದಲ್ಲಿ ಹರಿಯುವ ಕರೆಂಟ್ ಲೆಕ್ಕಕ್ಕೆ ಸೇರಿ ರಿಲೇ ಕೆಲವೊಮ್ಮೆ ಸುಮ್ಮನೆ ಬೀಳುತ್ತದೆ, ಕೆಲವೊಮ್ಮೆ ಬೀಳಬೇಕಾದಾಗ ಬೀಳುವುದಿಲ್ಲ. ಸೂಕ್ಷ್ಮ ಅರ್ಥ್ ಫಾಲ್ಟ್ 5 ಆಂಪಿಯರ್, 3 ಸೆಕೆಂಡ್. ಕವಲು ಸೇರಿ 28 ಕಿ.ಮೀ. ಇರುವ ಈ ಲೈನ್‌ನ ಧಾರಣಾ ಕರೆಂಟ್ (ತಂತಿ ನೆಲಕ್ಕೆ ತಾಗದಿದ್ದರೂ ಅವುಗಳ ನಡುವೆ ಹರಿಯುವುದು) ಒಂದು ಆಂಪಿಯರ್‌ಗಿಂತ ಕಡಿಮೆ. ಬೇರೆ ಫೀಡರ್‌ನ ಫಾಲ್ಟ್‌ಗೆ ಇದು ಬೀಳುವ ಭಯವಿಲ್ಲ. ಮೊದಲು ಎಚ್ಚರಿಕೆ ಗಂಟೆ ಮಾತ್ರ ಬಾರಿಸುವಂತೆ ಇಟ್ಟು, ಗಂಟೆ ಬಾರಿಸಿದಾಗಲೆಲ್ಲ ಲೈನ್ ನಡೆದು ನೋಡಿ, ಬಿರುಕು ಬಿಟ್ಟ ಇನ್ಸುಲೇಟರ್‌ಗಳನ್ನೂ ತಾಗುತ್ತಿದ್ದ ಗರಿಗಳನ್ನೂ ತೆಗೆಸಿದ ಮೇಲೆ ಟ್ರಿಪ್‌ಗೆ ಜೋಡಿಸಿದೆವು.

ಐದು ಆಂಪಿಯರ್‌ಗಿಂತಲೂ ಕಡಿಮೆ ಹರಿದರೆ? ಆಗ ನೆಲವನ್ನು ಬಿಟ್ಟು ತಂತಿಯನ್ನೇ ನೋಡಬೇಕು. ಒಂದು ತಂತಿ ತುಂಡಾದರೆ ಅದರಾಚೆಯ ಹೊರೆ ಎರಡು ಫೇಸ್‌ಗೆ ಇಳಿದು ನೆಗೆಟಿವ್ ಸೀಕ್ವೆನ್ಸ್ ಕರೆಂಟ್ (ಮೂರು ಫೇಸ್‌ಗಳ ಅಸಮತೋಲನದ ಅಳತೆ) ಏರುತ್ತದೆ. ಅದರ ಮತ್ತು ಪಾಸಿಟಿವ್ ಸೀಕ್ವೆನ್ಸ್‌ನ (ಸಮತೋಲನದ ಭಾಗ) ಅನುಪಾತ 15 ಶೇಕಡಾ ದಾಟಿದರೆ ರಿಲೇ ಹೇಳುವಂತೆ ಮಾಡಬಹುದು. ಆದರೆ ಸ್ಟಾರ್ಟರ್‌ಗಳಲ್ಲಿನ ಸಿಂಗಲ್ ಫೇಸಿಂಗ್ ಪ್ರಿವೆಂಟರ್‌ಗಳು (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ) ಕೆಲವೇ ಸೆಕೆಂಡ್‌ಗಳಲ್ಲಿ ಮೋಟರ್‌ಗಳನ್ನು ಬಿಡಿಸಿಬಿಡುತ್ತವೆ. ಅಷ್ಟರೊಳಗೆ ಹಿಡಿಯದಿದ್ದರೆ ಗುರುತೇ ಅಳಿಸಿಹೋಗುತ್ತದೆ. ಅದಕ್ಕಾಗಿ ತಡೆಯನ್ನು ಒಂದೂವರೆ ಸೆಕೆಂಡ್‌ಗೆ ಇಳಿಸಿ, ಇದನ್ನು ಟ್ರಿಪ್‌ಗೆ ಜೋಡಿಸದೆ, ಆಪರೇಟರ್ ಒಪ್ಪಿಕೊಳ್ಳುವವರೆಗೆ ನಿಲ್ಲದ ಗಂಟೆಗೆ ಜೋಡಿಸಿದೆವು. ಇನ್ನೊಂದು ತೊಡಕು: ಮೂರು ಫೇಸ್ ಇಲ್ಲದ ಗಂಟೆಗಳಲ್ಲಿ ಈ ಲೈನ್‌ನ ಒಂದು ಫೇಸ್ ಬಿಡಿಸಿ ದೀಪಕ್ಕೆ ಸರಬರಾಜು ಕೊಡುತ್ತಾರೆ. ಆಗ ಈ ಅನುಪಾತ ಸದಾ ಮಿತಿ ಮೀರಿರುತ್ತದೆ. ಆದ್ದರಿಂದ ಆ ಸ್ವಿಚ್‌ನ ಸಹಾಯಕ ಕಾಂಟ್ಯಾಕ್ಟ್ ಅನ್ನು ರಿಲೇಗೆ ತಂದು, ಆ ಹೊತ್ತಿಗೆ ಎರಡನೇ ಸೆಟ್ಟಿಂಗ್ ಗುಂಪು ತಾನಾಗಿ ಜಾರಿಗೆ ಬರುವಂತೆ ಮಾಡಲಾಗಿದೆ.

ಪರೀಕ್ಷೆ ಮತ್ತು ಪಾಲನೆ

ಸೆಕೆಂಡರಿ ಇಂಜೆಕ್ಷನ್ ಮಾತ್ರ ಮಾಡಿದ್ದರೆ ಈ ದೋಷ ಎಂದೂ ಸಿಗುತ್ತಿರಲಿಲ್ಲ. ಆ ಪರೀಕ್ಷೆಯಲ್ಲಿ ಕರೆಂಟ್ ಅನ್ನು ನೇರ ರಿಲೇಗೆ ಕೊಡುತ್ತೇವೆ, ಸಿ.ಟಿ. ಪೆಟ್ಟಿಗೆಯಲ್ಲಿ ತಂತಿ ಎಲ್ಲಿ ಕೂತಿದ್ದರೂ ರಿಲೇ ಪಾಸಾಗುತ್ತದೆ. ಆದ್ದರಿಂದ ಸಿ.ಟಿ.ಯ ಪ್ರೈಮರಿಯಲ್ಲೇ (ಲೈನ್ ಕಡೆ) 100 ಆಂಪಿಯರ್ ಹರಿಸಿ, ರಿಲೇಯ ಪರದೆಯಲ್ಲಿ ಮೂರೂ ಫೇಸ್‌ಗಳಿಗೆ 100 ಬಂದದ್ದನ್ನು ಬರೆದುಕೊಂಡೆವು. ಬ್ಯಾಟರಿಯಿಂದ ಪೋಲಾರಿಟಿ (ಜೋಡಣೆಯ ದಿಕ್ಕು) ನೋಡಿದೆವು; ಒಂದು ಸಿ.ಟಿ. ತಿರುಗುಮುರುಗಾಗಿದ್ದರೂ ಮೂರರ ಮೊತ್ತ ಹೊರೆಯ ಎರಡು ಪಟ್ಟಾಗಿ ಅರ್ಥ್ ಫಾಲ್ಟ್ ಬೀಳುತ್ತದೆ. ಬಳಸದ 2ಎಸ್3 ಟರ್ಮಿನಲ್ ಅನ್ನು ಖಾಲಿ ಬಿಟ್ಟೆವು. ಬಳಸದ ಟ್ಯಾಪ್ ಅನ್ನು ಶಾರ್ಟ್ ಮಾಡಬಾರದು. ಬಳಸದ ಕೋರ್ ಇದ್ದರೆ ಅದನ್ನು ಮಾತ್ರ ಶಾರ್ಟ್ ಮಾಡಲೇಬೇಕು. ಹೊರೆ ಹರಿಯುತ್ತಿರುವಾಗ ಸಿ.ಟಿ. ಸೆಕೆಂಡರಿ ತೆರೆದುಕೊಂಡರೆ ಅಲ್ಲಿ ಹುಟ್ಟುವ ವೋಲ್ಟೇಜ್ ಮನುಷ್ಯನನ್ನು ಕೊಲ್ಲಬಲ್ಲದು.

ಟ್ರಿಪ್ ಪರೀಕ್ಷೆಯನ್ನು ಚಾರ್ಜರ್ ಆಫ್ ಮಾಡಿ, ಬ್ರೇಕರ್ ತೆರೆಯಲು ಶಕ್ತಿ ಕೊಡುವ ಬ್ಯಾಟರಿಯ ಮೇಲೆ ಮಾತ್ರ ಮಾಡಿಸಿದೆವು. ಚಾರ್ಜರ್ ಚಾಲೂ ಇದ್ದಾಗ ಸತ್ತ ಬ್ಯಾಟರಿಯೂ 110 ವೋಲ್ಟ್ ತೋರಿಸುತ್ತದೆ; ಫಾಲ್ಟ್ ಆದ ಕ್ಷಣದಲ್ಲಿ ಎ.ಸಿ. ಕುಸಿದು ಚಾರ್ಜರ್ ಕೈಬಿಟ್ಟಾಗಲೇ ಬಣ್ಣ ಬಯಲಾಗುವುದು. ಟ್ರಿಪ್ ಕಾಯಿಲ್ ಶೇಕಡಾ 70 ವೋಲ್ಟೇಜ್‌ಗೂ, ಅಂದರೆ 77 ವೋಲ್ಟ್‌ಗೂ, ಬ್ರೇಕರ್ ತೆರೆಯಿತು. ಟ್ರಿಪ್ ಸರ್ಕ್ಯೂಟ್ ಮೇಲ್ವಿಚಾರಣೆಯ ಸಂಪರ್ಕವನ್ನು ಹಿಂದೆ ಕೊಟ್ಟೇ ಇರಲಿಲ್ಲ, ಅದನ್ನು ಕೊಟ್ಟೆವು.

ಈಗ ಸೆಟ್ಟಿಂಗ್ ಹಾಳೆ ಪ್ಯಾನಲ್ ಬಾಗಿಲಿನ ಒಳಬದಿಯಲ್ಲಿದೆ, ಸಿ.ಟಿ. ಟ್ಯಾಪ್ ಯಾವುದು ಎಂಬುದೂ ಅದರಲ್ಲೇ ಬರೆದಿದೆ. ಪಾಸ್‌ವರ್ಡ್ ಬದಲಾಗಿದೆ. ಲಾಗ್ ಶೀಟ್‌ನಲ್ಲಿ ಮೀಟರ್‌ನ ಆಂಪಿಯರ್ ಪಕ್ಕದಲ್ಲಿ ರಿಲೇಯ ಆಂಪಿಯರ್‌ಗೂ ಒಂದು ಕಾಲಂ ಬಂದಿದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಬಾಳಿಕೆ ಬರುವ ಬದಲಾವಣೆ ಅದೇ. ಟ್ರಿಪ್ ಆದಾಗ ದೀಪಗಳನ್ನು ರಿಸೆಟ್ ಮಾಡುವ ಮುನ್ನ ಯಾವ ದೀಪ, ಎಷ್ಟು ಆಂಪಿಯರ್ ಎಂದು ಬರೆಯಬೇಕು. ಅರ್ಥ್ ಫಾಲ್ಟ್ ಟ್ರಿಪ್ ಆಗಿದ್ದರೆ ಲೈನ್ ನೋಡದೆ ಟೆಸ್ಟ್ ಚಾರ್ಜ್ ಮಾಡುವಂತಿಲ್ಲ. ಬೆಳಗಿನ ಟ್ರಿಪ್‌ಗಳು ಮರಳಿ ಬಂದಿಲ್ಲ.

ಒಂದು ಭಾಗ ಬಾಕಿ ಉಳಿದಿದೆ. 15 ಶೇಕಡಾ ಅನುಪಾತ ಕೆಲಸ ಮಾಡಬೇಕಾದರೆ ತುಂಡಾದ ತಂತಿಯ ಆಚೆ ಫೀಡರ್‌ನ ಒಟ್ಟು ಹೊರೆಯ ಕಾಲು ಭಾಗಕ್ಕಿಂತ ಹೆಚ್ಚಿರಬೇಕು. ದೂರದ ವೀಸೆಲ್ ಕವಲಿನಲ್ಲಿ ಅಷ್ಟು ಹೊರೆ ಇಲ್ಲ. ಅಲ್ಲಿ ಒಣ ಬಂಡೆಯ ಮೇಲೆ ತಂತಿ ಬಿದ್ದರೆ ಉಪಕೇಂದ್ರದಲ್ಲಿ ಕೂತ ಯಾವ ರಿಲೇಗೂ ಅದು ಖಚಿತವಾಗಿ ಕಾಣುವುದಿಲ್ಲ. ಆ ಕವಲು ಒಡೆಯುವ ಕಂಬದ ಮೇಲೆ ತನ್ನದೇ ರಿಲೇ ಇರುವ ಆಟೋ ರೀಕ್ಲೋಸರ್ (ಟ್ರಿಪ್ ಆದ ಮೇಲೆ ತಾನಾಗಿ ಮತ್ತೆ ಮುಚ್ಚಬಲ್ಲ ಬ್ರೇಕರ್) ಕೂರಿಸಲು ಅಂದಾಜುಪಟ್ಟಿ ಕೊಟ್ಟಿದ್ದೇವೆ. ಅದಕ್ಕೆ ಕಾಣುವುದು ಆ ಕವಲಿನ ಹೊರೆ ಮಾತ್ರವಾದ್ದರಿಂದ, ಅಲ್ಲಿ ತಂತಿ ತುಂಡಾದರೆ ಅನುಪಾತ ದೊಡ್ಡದಾಗಿಯೇ ಏರುತ್ತದೆ. ಅರ್ಥ್ ಫಾಲ್ಟ್‌ಗೆ ಅದರಲ್ಲಿ ರೀಕ್ಲೋಸ್ ಇರುವುದಿಲ್ಲ. ಮಂಜೂರಾತಿ ಬರುವವರೆಗೆ, ಗಾಳಿ ಜೋರಾದ ದಿನ ಮೂರು ಫೇಸ್ ಕೊಡುವ ಮುನ್ನ ಪವರ್‌ಮ್ಯಾನ್ ಆ 8 ಕಿ.ಮೀ. ಲೈನ್ ನೋಡಿಕೊಂಡು ಬಂದು ಉಪಕೇಂದ್ರಕ್ಕೆ ಹೇಳುತ್ತಾರೆ. ಅವರ ಫೋನ್ ಬಂದ ಮೇಲೆಯೇ ಆಪರೇಟರ್ ಬ್ರೇಕರ್ ಮುಚ್ಚುತ್ತಾರೆ.